ಕುರ್ಚಿಯಿಲ್ಲದ ಕಛೇರಿ

ರೈಲು ನಿಲ್ದಾಣದ ಎದುರಿನ ವಸತಿಗೃಹ,
ಮೂರನೇ ಮಹಡಿ.
ಮಾರ್ಚ್ ೧೪, ಭಾನುವಾರ ಬೆಳಿಗ್ಗೆ

ಮುದ್ದು ಪುಟ್ಟಿ,

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಉತ್ತರ ಬರೆಯದ ಅಮ್ಮನ ಮೇಲೆ ಮುಖ ಊದಿಸಿಕೊಂಡು ಕೂತಿರುತ್ತೀಯ ಎಂದು ಗೊತ್ತು. ಊದಿಸಿಕೊಂಡೇ ಓದು, ಪರವಾಗಿಲ್ಲ, ಚಿಕ್ಕಂದಿನಿಂದಲೂ ನಿನಗೆ ಅದು ಒಪ್ಪುತ್ತದೆ. ನಾನು ಚೆನ್ನಾಗಿದ್ದೇನೆ, ಅಂದರೆ ಊಟ ನಿದ್ದೆ ಎರಡೂ ನಡೆಯುತ್ತಿವೆ. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನೀನು ನಡುನಡುವೆ ಬಾಯಿ ಹಾಕುತ್ತೀಯ, ಪತ್ರದಲ್ಲಿ ಆ ಕಾಟವಿಲ್ಲ. ಅಕ್ಷರ ಏರುಪೇರಾಗಿದ್ದರೆ ಹೊಟ್ಟೆಗೆ ಹಾಕಿಕೋ. ಇಲ್ಲಿನ ಮೇಜು ನುಣುಪು, ಕಾಗದ ಜಾರುತ್ತದೆ.

ಈ ಪತ್ರ ನಿನ್ನ ಕೈಗೆ ಕೊಟ್ಟವರು ನಮ್ಮ ವ್ಯಾನಿನ ಡ್ರೈವರು. ಬೇಡ ಬೇಡ ಎನ್ನುತ್ತಾರೆ, ಆದರೂ ಟೀ ಕೊಡು. ಅವರು ಜೊತೆಯಲ್ಲಿ ತಂದಿರುವ ದೊಡ್ಡ ಪೆಟ್ಟಿಗೆ ಯಾವುದೆಂದು ನೋಡಿದ ಕೂಡಲೇ ನಿನಗೆ ತಿಳಿದಿರುತ್ತದೆ. ಬಿಸಿಲು ಬೀಳದ ಮೂಲೆಯಲ್ಲಿ ನಿಲ್ಲಿಸು. ನಮ್ಮ ಗುಂಪಿನ ಮೇಷ್ಟ್ರಿಗೆ ನಾನು ರಿಪೇರಿಗೆಂದು ಹೇಳಿದ್ದೇನೆ. ನೀನು ಪತ್ರ ಮುಗಿಸಿದ ಮೇಲೆ ಬೀಗ ತೆಗೆಯುವೆಯಂತೆ.

ಹೋದ ಪತ್ರದಲ್ಲಿ ನೀನು ಒಂದು ಪ್ರಶ್ನೆ ಕೇಳಿದ್ದೆ. "ಅಮ್ಮಾ, ನೀವು ನಾಲ್ಕು ಜನ ಕಛೇರಿಗೆ ಹೋಗ್ತಿದ್ದೀರೋ, ಧರಣಿಗೆ ಹೋಗ್ತಿದ್ದೀರೋ? ನೀನು ಮೊದಲು ಚೆಲ್ಲೋ ನುಡಿಸೋಳು, ಮಿಕ್ಕಿದ್ದೆಲ್ಲ ಆಮೇಲೆ. ಚೆಲ್ಲೋ ಇಲ್ದಿದ್ರೆ ಅಲ್ಲಿ ನಿನ್ನನ್ನ ಯಾರು ಕೇಳ್ತಾರೆ?" ಎಂದು. ದೊಡ್ಡ ವಾದ್ಯವೃಂದದಲ್ಲಿ ಕಪ್ಪು ಉಡುಪು ತೊಟ್ಟು ಅದೇ ಚೆಲ್ಲೋ ನುಡಿಸುವವಳು ನೀನು, ಕೇಳುವ ಹಕ್ಕು ನಿನಗಿದೆ. ನನಗೆ ಸಿಟ್ಟು ಬರಲಿಲ್ಲ. ಸ್ವಲ್ಪ ಬಂತು, ಆಮೇಲೆ ಇಳಿಯಿತು. ಈ ಊರಿನಲ್ಲಿ ನಡೆದದ್ದನ್ನು ಹೇಳಿದರೆ ಅದೇ ಉತ್ತರವಾದೀತು.

ನಮ್ಮ ಗುಂಪು ನಿನಗೆ ಗೊತ್ತಿದ್ದದ್ದೇ, ಆದರೂ ಹಳೆಯದನ್ನು ಹೊಸದಾಗಿ ಹೇಳುವುದು ನನ್ನ ಚಟ. ಮೊದಲ ಪಿಟೀಲು ಮೇಷ್ಟ್ರದು. ಶಾಲೆ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಯಾರಾದರೂ ತಾಳ ತಪ್ಪಿದರೆ ಬೆಂಚಿನ ಮೇಲೆ ನಿಲ್ಲಿಸಿಬಿಡುವವರ ಹಾಗೆ ನೋಡುತ್ತಾರೆ. ಎರಡನೆಯದು ಗಡಿಬಿಡಿಯದು. ಈ ಹುಡುಗಿ ವೇದಿಕೆಗೆ ಒಂದೇ ಬಣ್ಣದ ಎರಡು ಚಪ್ಪಲಿ ಹಾಕಿಕೊಂಡು ಬಂದರೆ ನಾವು ಮೂವರೂ ಅಭಿನಂದಿಸುತ್ತೇವೆ. ನಡುದನಿಯ ದೊಡ್ಡ ಪಿಟೀಲು ಮೌನಿಯದು, ಅವರ ಬಗ್ಗೆ ಹೆಸರೇ ಎಲ್ಲ ಹೇಳುತ್ತದೆ. ಕೂತು, ಮಂಡಿಗಳ ನಡುವೆ ನಿಲ್ಲಿಸಿಕೊಂಡು ನುಡಿಸುವ ಕೆಳದನಿಯ ಚೆಲ್ಲೋ ನನ್ನದು.

ನಮ್ಮದೊಂದು ಕಟ್ಟುಪಾಡಿದೆ. ಯಾವ ಊರಿಗೆ ಹೋದರೂ ಮೊದಲು ಕೇಳುವುದು, ಆಮೇಲೆ ನುಡಿಸುವುದು. ಆ ಊರಿನಲ್ಲಿ ಯಾರು ಯಾವುದಕ್ಕಾಗಿ ಹೋರಾಡುತ್ತಿದ್ದಾರೋ ಅವರ ಹತ್ತಿರ, ವಾದ್ಯಗಳನ್ನು ಪೆಟ್ಟಿಗೆಯಲ್ಲೇ ಬಿಟ್ಟು, ಕಿವಿ ಮಾತ್ರ ತೆಗೆದುಕೊಂಡು ಹೋಗಬೇಕು. ಸಂಜೆಯ ಕಛೇರಿಯ ಕೊನೆಯ ಭಾಗವನ್ನು ಅವರಿಗೆ ಬಿಟ್ಟುಕೊಡಬೇಕು. ಅವರು ಹಾಡಲಿ, ಮಾತಾಡಲಿ, ಸುಮ್ಮನಿರಲಿ, ಅದು ಅವರ ಪಾಲು.

ಈ ಊರಿನಲ್ಲಿ ಯಾರನ್ನು ಕೇಳುವುದೆಂದು ಗೊತ್ತಾದದ್ದು ನನ್ನ ಪೆದ್ದುತನದಿಂದ. ಇಲ್ಲಿನ ದೊಡ್ಡ ಆಸ್ಪತ್ರೆಗೆ ಒಂದು ಸಣ್ಣ ಕೆಲಸದ ಮೇಲೆ ಹೋಗಿದ್ದೆ. ವಾಪಸು ಬರುವಾಗ ಲಿಫ್ಟಿನಲ್ಲಿ ಯಾವ ಗುಂಡಿ ಒತ್ತಿದೆನೋ, ಅದು ನನ್ನನ್ನು ನೆಲಮಾಳಿಗೆಗೆ ಇಳಿಸಿತು. ಬಾಗಿಲು ತೆರೆದರೆ ಹಬೆ. ಹಬೆಯೊಳಗೆ ಬಿಳಿ ಹೊದಿಕೆಗಳು, ಹೊದಿಕೆಗಳ ಹಿಂದೆ ಹೆಂಗಸರು. ಆಸ್ಪತ್ರೆಯ ಲಾಂಡ್ರಿ. ಎಲ್ಲರೂ ನಿಂತಿದ್ದರು. ಮೊಣಕಾಲಿನ ಕೆಳಗೆ ಹರಕು ಬಟ್ಟೆಯನ್ನು ಬಿಗಿಯಾಗಿ ಸುತ್ತಿಕೊಂಡಿದ್ದರು.

ಮಾರನೆಯ ದಿನ ನಾಲ್ವರೂ ಹೋದೆವು. ಅಲ್ಲಿನ ಮುಂದಾಳು ದೊಡ್ಡ ಇಸ್ತ್ರಿ ಯಂತ್ರ ನೋಡಿಕೊಳ್ಳುವ ಹೆಂಗಸು, ಎಲ್ಲರೂ ಇಸ್ತ್ರಿ ಅಕ್ಕ ಎನ್ನುತ್ತಾರೆ. "ಬನ್ನಿ, ಕೂತ್ಕೊಳ್ಳಿ ಅನ್ನೋಣ ಅಂದ್ರೆ ಇಲ್ಲಿ ಕೂರೋ ಅಂಥದ್ದು ಏನೂ ಇಲ್ಲ," ಎಂದು ನಕ್ಕಳು. ಮೊದಲು ಗೋಡೆ ಪಕ್ಕ ಕೆಲವು ಸ್ಟೂಲುಗಳಿದ್ದುವಂತೆ. ಹೊಸ ಆಡಳಿತಾಧಿಕಾರಿಗಳು ಬಂದವರೇ ಅವನ್ನು ತೆಗೆಸಿಹಾಕಿದರು. ಕೂತರೆ ಕೈ ನಿಧಾನವಾಗುತ್ತದೆ ಎಂದು ಎಲ್ಲೋ ಓದಿದ್ದರಂತೆ. "ಯಂತ್ರ ತಿರುಗ್ತಾ ಇರುವಾಗ ನಾವು ನಿಂತು ನೋಡಿದ್ರೆ ಅದೇನು ಬೇಗ ತಿರುಗುತ್ತಾ? ಹೇಳಿ ಮೇಷ್ಟ್ರೇ," ಎಂದಳು. ಅಷ್ಟು ಹೊತ್ತಿಗೆ ಮೇಷ್ಟ್ರಿಗೆ ಕಾಲು ಸೆಳೆತ ಹಿಡಿದಿತ್ತು. ಕೇಳುವ ಹೊತ್ತು ಮುಗಿಯುವವರೆಗೆ ನಾವೂ ನಿಂತೇ ಇದ್ದೆವು, ಗಡಿಬಿಡಿ ಒಂಟಿಕಾಲಿನಲ್ಲಿ. ಇದನ್ನೆಲ್ಲ ಸ್ವತಃ ಅನುಭವಿಸಿ ಬಂದವರು ನಾವು ಎನ್ನುವುದನ್ನು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ಮೇಷ್ಟ್ರು ಆವತ್ತೇ ಒಂದು ರಾಗ ಕಟ್ಟಿದರು. ಹೆಂಗಸರ ಬೇಡಿಕೆಯನ್ನೇ ನಾಲ್ಕು ಸಾಲಿನ ಹಾಡಾಗಿ ಮಾಡಿ, ಯಂತ್ರದ ಸದ್ದನ್ನು ತಾಳವಾಗಿ ತೆಗೆದುಕೊಂಡು, ಅದರ ಮೇಲೆ ಪಿಟೀಲಿನ ಕುಸುರಿ. ಅಷ್ಟು ಚೆನ್ನಾಗಿರುವುದನ್ನು ಅವರು ಇತ್ತೀಚೆಗೆ ಕಟ್ಟಿಯೇ ಇರಲಿಲ್ಲ. ನನ್ನ ಪಾಲಿಗೆ ಬಂದದ್ದು ಎಡಗೈ ಬೆರಳು ಇಡುವ ಅಗತ್ಯವೇ ಇಲ್ಲದ ಬಿಟ್ಟ ತಂತಿಗಳ ಗುಂಯ್ ಮಾತ್ರ. ನಾನೇ ಹಾಗೆ ಕೇಳಿ ಬರೆಸಿಕೊಂಡೆ. ವಯಸ್ಸಾಯಿತಲ್ಲ, ಸೋಮಾರಿತನ ಎಂದರು ಮೇಷ್ಟ್ರು.

ಹೋದ ವಾರ ಶನಿವಾರದ ಮೊದಲ ಕಛೇರಿಗೆ ಸಭಾಂಗಣ ತುಂಬಿತ್ತು. ಕೊನೆಯಲ್ಲಿ ಲಾಂಡ್ರಿಯ ಹೆಂಗಸರು ವೇದಿಕೆಗೆ ಬಂದು, ನಮ್ಮ ಹಿಂದೆ ಸಾಲಾಗಿ ನಿಂತು ಹಾಡಿದರು. ಜನ ಮರುಳಾಗಿ ಹೋದರು. ಮುಂದಿನ ಸಾಲಿನಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಯಾರು ಗೊತ್ತೇ? ಸಾಕ್ಷಾತ್ ಆಡಳಿತಾಧಿಕಾರಿಗಳು! ವೇದಿಕೆ ಹತ್ತಿ ಬಂದು ಹೆಂಗಸರಿಗೆಲ್ಲ ಹೂಗುಚ್ಛ ಕೊಟ್ಟರು. "ನಮ್ಮ ಸಿಬ್ಬಂದಿಯಲ್ಲಿ ಇಂಥ ಪ್ರತಿಭೆ ಇದೆ ಅಂತ ನನಗೇ ಗೊತ್ತಿರಲಿಲ್ಲ. ಈ ಸಲ ಆಸ್ಪತ್ರೆ ವಾರ್ಷಿಕೋತ್ಸವಕ್ಕೆ ನಿಮ್ಮದೇ ಪ್ರಾರ್ಥನಾಗೀತೆ," ಎಂದರು. ಸ್ಟೂಲಿನ ಮಾತೇ ಇಲ್ಲ. ಹೆಂಗಸರು ಹೂ ಹಿಡಿದುಕೊಂಡು ಪೆಚ್ಚಾಗಿ ನಿಂತಿದ್ದರು.

ಪರದೆಯ ಹಿಂದೆ ಮೇಷ್ಟ್ರು ಖುಷಿಯಿಂದ ಕೈ ಉಜ್ಜಿಕೊಳ್ಳುತ್ತಿದ್ದಾಗ ಇಸ್ತ್ರಿ ಅಕ್ಕ ಬಂದಳು.

"ತಪ್ಪು ತಿಳ್ಕೋಬೇಡಿ. ನೀವು ತುಂಬಾ ಚೆನ್ನಾಗಿ ನುಡಿಸಿದ್ರಿ. ಅದೇ ಎಡವಟ್ಟಾಗಿದ್ದು. ಅಷ್ಟು ಚೆನ್ನಾಗಿದ್ರೆ ಕಾಲುನೋವು ಯಾರ ಕಿವಿಗೆ ಬೀಳುತ್ತೆ?"

ಮೇಷ್ಟ್ರು ಏನೋ ಹೇಳಲು ಹೋದರು. ಅವಳು ಬಿಡಲಿಲ್ಲ. "ಇನ್ನೊಂದು ಮಾತು. ಕುರ್ಚಿ ಕೊಡಿ ಅಂತ ಹಾಡು. ನೀವು ನಾಲ್ಕು ಜನ ಮುಂದೆ ಕುರ್ಚಿ ಹಾಕ್ಕೊಂಡು ಕೂತಿದ್ರಿ, ನಾವು ಹಿಂದೆ ನಿಂತಿದ್ವಿ. ನಮಗೆ ಬಂದಾಗಿಂದ ಅದೇ ಕಣ್ಣಿಗೆ ಹೊಡೀತಾ ಇತ್ತು. ನಿಮಗೆ ಹೊಳೀಲೇ ಇಲ್ವಾ?"

ಪುಟ್ಟಿ, ಹೊಳೆದಿರಲಿಲ್ಲ. ನಾಲ್ವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಹುಟ್ಟಿದಾಗಿನಿಂದ ಕುರ್ಚಿಯ ಮೇಲೆ ಕೂತು ನುಡಿಸುವವರಿಗೆ ಕುರ್ಚಿ ಕಾಣುವುದೇ ಇಲ್ಲ. ಮೇಷ್ಟ್ರ ಮುಖ ಇಂಗು ತಿಂದ ಮಂಗನ ಹಾಗಾಯಿತು. ನನ್ನದೂ ಬೇರೆ ಇರಲಿಲ್ಲ. ನಾಚಿಕೆಯಾಯಿತು ಎಂದು ನೇರವಾಗಿಯೇ ಬರೆಯುತ್ತೇನೆ.

ಮಾರನೆಯ ಬೆಳಿಗ್ಗೆ ಮೇಷ್ಟ್ರ ಕೋಣೆಯಲ್ಲಿ ಪಂಚಾಯಿತಿ. ಸಂಜೆ ಎರಡನೇ ಕಛೇರಿ, ಕೇಳುವವರು ಬಹುಪಾಲು ಹಿಂದಿನ ದಿನದವರೇ. ಆಡಳಿತಾಧಿಕಾರಿಗಳು ಹಿಗ್ಗಿ ಹೀರೇಕಾಯಿಯಾಗಿ ಆಸ್ಪತ್ರೆಯ ಮಂಡಳಿಯವರನ್ನೆಲ್ಲ ಕರೆತರುವವರಿದ್ದರು. ಇವತ್ತು ತಪ್ಪಿದರೆ ಆ ಹೆಂಗಸರಿಗೆ ಇಂಥ ಅವಕಾಶ ಮತ್ತೆ ಸಿಗುವುದಿಲ್ಲ. ನಾವು ಗಂಟುಮೂಟೆ ಕಟ್ಟಿ ಇನ್ನೊಂದು ಊರಿಗೆ ಹೋಗುತ್ತೇವೆ, ಅವರು ವಾರ್ಷಿಕೋತ್ಸವದಲ್ಲಿ ನಿಂತುಕೊಂಡು ಪ್ರಾರ್ಥನೆ ಹಾಡುತ್ತಾರೆ. ಗಡಿಬಿಡಿ, "ನಾವೇ ಭಾಷಣ ಮಾಡೋಣ," ಎಂದಳು. ಮೇಷ್ಟ್ರು, "ಭಾಷಣ ಕೇಳೋಕೆ ಯಾರೂ ಟಿಕೆಟ್ ತಗೊಂಡಿರಲ್ಲಮ್ಮ," ಎಂದರು.

ಆಗ ನಾನು ಹೇಳಿದೆ, "ಇವತ್ತು ಕುರ್ಚಿ ಬೇಡ. ಎಲ್ಲರೂ ನಿಂತೇ ನುಡಿಸೋಣ."

"ನಾವು ಮೂರು ಜನ ನಿಲ್ತೀವಿ. ನೀವು?" ಎಂದರು ಮೇಷ್ಟ್ರು. "ಚೆಲ್ಲೋನ ನಿಂತು ಹೇಗೆ ನುಡಿಸ್ತೀರಿ?"

"ನುಡಿಸಲ್ಲ. ಸುಮ್ನೆ ಪಕ್ಕದಲ್ಲಿ ಹಿಡ್ಕೊಂಡು ನಿಲ್ತೀನಿ. ನನ್ನ ಜಾಗ ಬಂದಾಗ ನೀವು ಅಷ್ಟೂ ಹೊತ್ತು ಖಾಲಿ ಬಿಡಿ."

ಚೆಲ್ಲೋವನ್ನು ಪಟ್ಟಿಯಿಂದ ಮೈಗೆ ಕಟ್ಟಿಕೊಂಡು ನಿಂತು ನುಡಿಸುವವರಿದ್ದಾರೆ ಎಂದು ನೀನು ಅಲ್ಲೇ ಕೂಗಿಕೊಂಡಿರುತ್ತೀಯ. ಗಡಿಬಿಡಿಯೂ ಕೂಗಿಕೊಂಡಳು. ನನಗೆ ಅಭ್ಯಾಸವಿಲ್ಲ ಎಂದುಬಿಟ್ಟೆ. ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತರು. "ಕೆಳದನಿ ಇಲ್ದೆ ಅದು ತಳಪಾಯ ಇಲ್ದಿರೋ ಮನೆ. ಎಲ್ಲ ಕುಸಿದುಬೀಳುತ್ತೆ." ಹೌದು ಮೇಷ್ಟ್ರೇ, ಕುಸಿಯಲಿ, ಜನರಿಗೆ ಕೇಳಿಸಲಿ ಎಂದೆ. ಮೌನಿ ನನ್ನನ್ನೇ ಸ್ವಲ್ಪ ಹೊತ್ತು ನೋಡಿ, "ಸರಿ," ಎಂದರು. ಆ ದಿನದ ಅವರ ಮೊದಲ ಮಾತು ಅದು.

ಸಭಾಂಗಣದ ಮ್ಯಾನೇಜರು ಮಾತ್ರ ಕೊನೇ ಗಳಿಗೆಯವರೆಗೂ ಹಾರಾಡಿದರು. "ನಾಲ್ಕು ಜನರ ಕಛೇರಿ ಅಂತ ಜಾಹೀರಾತು ಕೊಟ್ಟಿದ್ದೀವಿ. ಮೂರೇ ಜನ ನುಡಿಸಿದ್ರೆ ನಾನು ಯಾರಿಗೆ ಮುಖ ತೋರಿಸ್ಲಿ?" "ನಾಲ್ಕು ಜನ ಇರ್ತೀವಲ್ಲ," ಎಂದರು ಮೌನಿ. ಅದು ಎರಡನೆಯದು.

ಪರದೆ ಸರಿಯಿತು. ಬರಿದಾದ ವೇದಿಕೆಯ ಮೇಲೆ ನಾವು ನಾಲ್ವರು ನಿಂತಿದ್ದೆವು. ನಾನು ಎಡಗೈಯಿಂದ ಚೆಲ್ಲೋವನ್ನು ತಬ್ಬಿ ಹಿಡಿದು, ಬಲಗೈಯಲ್ಲಿ ಕಮಾನನ್ನು ಇಳಿಬಿಟ್ಟು. ಎತ್ತಿಕೊಂಡದ್ದು ಎಲ್ಲರಿಗೂ ಬಾಯಿಪಾಠವಿರುವ ರಚನೆ, ಕೇಳಿದವರು ಗುನುಗಿಕೊಳ್ಳುವಂಥದ್ದು. ಮೊದಲ ಖಾಲಿ ಜಾಗ ಬಂದಾಗ ಯಾರಿಗೂ ಏನೂ ಅನಿಸಲಿಲ್ಲ. ಎರಡನೆಯದಕ್ಕೆ ಯಾರೋ ಕೆಮ್ಮಿದರು. ಆಮೇಲೆ ಚೆಲ್ಲೋ ಒಂದೇ ಹಾಡಬೇಕಾದ ಉದ್ದನೆಯ ಭಾಗ ಬಂತು. ಮೂವರೂ ಕಮಾನು ಎತ್ತಿ ಹಿಡಿದು ಕಾದರು. ನಾನು ಅಲ್ಲಾಡಲಿಲ್ಲ. ಸಭೆ ಪೂರ್ತಿ ಮಿಸುಕಾಡತೊಡಗಿತು. ನನಗೆ ಒಳಗೊಳಗೇ ಆ ಸ್ವರಗಳೆಲ್ಲ ಕೇಳಿಸುತ್ತಿದ್ದುವು, ಒಂದೂ ತಪ್ಪದೆ.

ಹೀಗೆ ಇನ್ನೆರಡು ಸಲ ಆಯಿತು. ಮೂರನೇ ಸಾಲಿನಿಂದ ಒಬ್ಬ ಮುದುಕರು ಎದ್ದು ನಿಂತೇಬಿಟ್ಟರು. "ಇದೇನ್ರೀ ಇದು! ಆಯಮ್ಮನಿಗೆ ಒಂದು ಕುರ್ಚಿ ಕೊಡ್ರೀ ಯಾರಾದ್ರೂ!" ಹಿಂದಿನಿಂದ ಇನ್ನೊಬ್ಬರು, "ಹೌದು, ಕುರ್ಚಿ ತನ್ನಿ!" ಮತ್ತೆ ನಾಲ್ಕು ದನಿ, ಆಮೇಲೆ ಲೆಕ್ಕವಿಲ್ಲ. ಪಕ್ಕದಿಂದ ಕೆಲಸದವರೊಬ್ಬರು ಕುರ್ಚಿ ತಂದು ನನ್ನ ಪಕ್ಕ ಇಟ್ಟು ಓಡಿಹೋದರು. ನಾನು ಕೂರಲಿಲ್ಲ.

ಇಸ್ತ್ರಿ ಅಕ್ಕ ಕೆಲಸದ ಬಟ್ಟೆಯಲ್ಲೇ ನಡೆದು ಬಂದು ಆ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟಳು. ದನಿ ಏರಿಸಲಿಲ್ಲ. "ಈ ಅಮ್ಮ ಇಷ್ಟೇ ಇಷ್ಟು ಹೊತ್ತು ನಿಂತಿದ್ದು ನಿಮ್ಮ ಕೈಲಿ ನೋಡೋಕಾಗ್ಲಿಲ್ಲ. ಒಳ್ಳೇ ಜನ ನೀವು. ನಿಮಗೆ ಹುಷಾರಿಲ್ಲದಾಗ ಮಲಗ್ತೀರಲ್ಲ, ಆ ಹಾಸಿಗೆ ಬಟ್ಟೆ ಒಗೆಯೋರು ನಾವು. ನಾವೂ ನಿಂತೇ ಇದ್ದೀವಿ. ನೆಲಮಾಳಿಗೆ ಅಲ್ವಾ, ಕಾಣಲ್ಲ." ಇಷ್ಟು ಹೇಳಿ ಕುರ್ಚಿಯಲ್ಲಿ ಕೂತಳು. ಕೂತು ಒಂದು ಉಸಿರು ಬಿಟ್ಟಳು ನೋಡು, ಆ ಸದ್ದು ಕೊನೇ ಸಾಲಿಗೂ ಕೇಳಿಸಿತು. ಆಮೇಲೆ ಎದ್ದು ಮುಂದಿನವಳಿಗೆ ಜಾಗ ಬಿಟ್ಟಳು. ಒಬ್ಬೊಬ್ಬರಾಗಿ ಎಲ್ಲರೂ ಬಂದು ಕೂತರು, ಎದ್ದರು, ಹೋದರು. ಹಾಡಲಿಲ್ಲ. ಚಪ್ಪಾಳೆಯೂ ಬೀಳಲಿಲ್ಲ. ಆಡಳಿತಾಧಿಕಾರಿಗಳು ತಮ್ಮ ಕುರ್ಚಿಯ ತುದಿಗೆ ಬಂದು ಕೂತಿದ್ದರು, ಏಳುವುದೋ ಬಿಡುವುದೋ ತಿಳಿಯದೆ. ಅವರ ಪಕ್ಕದಲ್ಲಿದ್ದ ಮಂಡಳಿಯ ಹೆಂಗಸೊಬ್ಬರು ಬಗ್ಗಿ ಅವರ ಕಿವಿಯಲ್ಲಿ ಏನೋ ಕೇಳಿದರು.

ಮೊನ್ನೆ ಲಾಂಡ್ರಿಗೆ ಸ್ಟೂಲುಗಳು ಬಂದುವು. ಎಲ್ಲರಿಗೂ ಸಾಲುವಷ್ಟಿಲ್ಲ, ಒರಗಲು ಬೆನ್ನೂ ಇಲ್ಲ. "ಬೆನ್ನು ಆಮೇಲೆ ಕೇಳ್ತೀವಿ, ಒಂದೊಂದೇ," ಎಂದಳು ಇಸ್ತ್ರಿ ಅಕ್ಕ. ನಮ್ಮನ್ನು ಕರೆಸಿ ಕೂರಿಸಿ ಟೀ ಕೊಟ್ಟಳು, ತಾನು ನಿಂತುಕೊಂಡೇ. ಮೇಷ್ಟ್ರು ಈ ಸಲ ಅದನ್ನು ಗಮನಿಸಿ ದಡಬಡ ಎದ್ದರು. ಎದ್ದ ರಭಸಕ್ಕೆ ಟೀ ಎಲ್ಲ ಅವರ ಮೈಮೇಲೆ, ಬಟ್ಟೆ ಅಲ್ಲೇ ಒಗೆಸಿಕೊಂಡು ಬಂದರು.

ಊರಿನ ಪತ್ರಿಕೆಯಲ್ಲಿ ನನ್ನ ಫೋಟೋ ಬಂದಿದೆ. 'ಕಲಾವಿದೆಯ ನಾದತ್ಯಾಗ' ಎಂದು ಶೀರ್ಷಿಕೆ. ಕತ್ತರಿಸಿ ಇಟ್ಟಿಲ್ಲ, ಕೇಳಬೇಡ. ನಮ್ಮವರಿಗಂತೂ ತಲೆಗೇರಿದೆ. ಮುಂದಿನ ಊರಿನಲ್ಲೂ ನೀವು ಹೀಗೇ ನಿಲ್ಲಿ, ಅದರ ಮುಂದಿನದರಲ್ಲೂ ನಿಲ್ಲಿ ಎನ್ನುತ್ತಿದ್ದಾರೆ ಮೇಷ್ಟ್ರು. ಮೌನಿ ಮಾತ್ರ ನಿನ್ನೆ ಕೇಳದೆಯೇ ನನ್ನ ಚೀಲ ಎತ್ತಿಕೊಂಡರು.

ಇಷ್ಟೇ ಸುದ್ದಿ. ಹೊತ್ತಿಗೆ ಸರಿಯಾಗಿ ಊಟ ಮಾಡು. ಅಭ್ಯಾಸದ ನಡುವೆ ಎದ್ದು ಭುಜ ಸಡಿಲಿಸು, ಬಾಗಿಕೊಂಡೇ ಕೂರಬೇಡ. ನಿನ್ನ ಕೈ ಸದಾ ಹಗುರವಾಗಿರಲಿ, ಮನಸ್ಸೂ ಅಷ್ಟೇ. ಎಲ್ಲಿದ್ದರೂ ನಿನಗೆ ಒಳ್ಳೆಯದೇ ಆಗಲಿ ಎಂದು ಹಾರೈಸುವ,

ನಿನ್ನ ಅಮ್ಮ

ತಾ.ಕ.: ಈಗ ಪೆಟ್ಟಿಗೆಯ ಮಾತು. ಅದರಲ್ಲಿ ರಿಪೇರಿಗೆ ಏನೂ ಇಲ್ಲ. ನಾನು ಆಸ್ಪತ್ರೆಗೆ ಹೋಗಿದ್ದ ಸಣ್ಣ ಕೆಲಸ ನನ್ನ ಎಡಗೈಯದು. ಕಿರುಬೆರಳು, ಉಂಗುರದ ಬೆರಳು ಎರಡೂ ಮರಗಟ್ಟಿವೆ. ಹಿಂದಿನ ಊರಿನಲ್ಲೇ ಶುರುವಾಗಿತ್ತು. ಈಗ ತಂತಿ ಒತ್ತಿದರೆ ಒತ್ತಿದ್ದು ಗೊತ್ತಾಗುವುದಿಲ್ಲ. ನರ ಸೋತಿದೆ, ಇನ್ನಷ್ಟು ಹಾಳಾಗದಂತೆ ತಡೆಯಬಹುದು, ಹೋದದ್ದು ಬರುತ್ತೆ ಅಂತ ನಾನು ಹೇಳಲಾರೆ ಎಂದರು ಡಾಕ್ಟರು. ಒಳ್ಳೆಯ ಮನುಷ್ಯ, ಸುತ್ತಿ ಬಳಸಿ ಹೇಳಲಿಲ್ಲ. ಮೇಜಿನ ಮೇಲೆ ನನ್ನ ಕೈಯ ಕೆಳಗೆ ಹಾಸಿದ್ದ ಬಟ್ಟೆಗೆ ಗರಿಗರಿ ಇಸ್ತ್ರಿಯಾಗಿತ್ತು. ಅದು ಕೂಡ ಬಲಗೈಯಿಂದ ಮುಟ್ಟಿದಾಗಲೇ ಗೊತ್ತಾದದ್ದು.

ಶನಿವಾರ ಬೆರಳನ್ನು ಕಣ್ಣಿಂದ ನೋಡಿಕೊಂಡು ಇಟ್ಟು ಹೇಗೋ ದಾಟಿಸಿದೆ. ತಪ್ಪಿದ ಕಡೆ ಮೌನಿ ಜೋರಾಗಿ ನುಡಿಸಿ ಮುಚ್ಚಿದರು. ಭಾನುವಾರ ಕುರ್ಚಿ ಇದ್ದಿದ್ದರೂ ನನ್ನಿಂದ ಆ ಉದ್ದನೆಯ ಭಾಗ ನುಡಿಸಲಾಗುತ್ತಿರಲಿಲ್ಲ. ಪತ್ರಿಕೆಯವರು ತ್ಯಾಗ ಎಂದು ಬರೆದಿದ್ದಾರೆ. ಇದ್ದದ್ದನ್ನು ಬಿಟ್ಟರೆ ತ್ಯಾಗ. ಹೆಂಗಸರಿಗೆ ಸ್ಟೂಲು ಸಿಕ್ಕಿದ್ದು ಮಾತ್ರ ನಿಜ, ಅದನ್ನು ಯಾರೂ ವಾಪಸು ತೆಗೆದುಕೊಳ್ಳಲಾರರು ಎಂದು ಹೇಳಿಕೊಂಡು ದಿನ ದೂಡುತ್ತಿದ್ದೇನೆ. ನಾಳೆ ಮೇಷ್ಟ್ರಿಗೂ ಹೇಳುತ್ತೇನೆ. ಚೆಲ್ಲೋ ಇಲ್ಲದಿದ್ದರೆ ನನ್ನನ್ನು ಅಲ್ಲಿ ಯಾರು ಕೇಳುತ್ತಾರೆ ಎಂದು ಬರೆದಿದ್ದೆಯಲ್ಲ, ಅದೂ ಆಗ ಗೊತ್ತಾಗುತ್ತದೆ. ಭಯವಾಗುತ್ತಿದೆ, ಪುಟ್ಟಿ.

ವಾದ್ಯ ನಿನ್ನದು. ವಾಪಸು ಕಳಿಸಬೇಡ. ಚಿಕ್ಕವಳಿದ್ದಾಗ ನಾನು ನುಡಿಸುತ್ತಿದ್ದರೆ ನೀನು ಅದರ ಬೆನ್ನಿಗೆ ಕಿವಿ ಹಚ್ಚಿ ಹಾಗೇ ನಿದ್ದೆ ಹೋಗುತ್ತಿದ್ದೆ. ದಿನಕ್ಕೊಮ್ಮೆ ತೆಗೆದು ನುಡಿಸು, ಯಾವ ಹೋರಾಟಕ್ಕೂ ಅಲ್ಲದಿದ್ದರೂ ಸರಿ. ನಾನು ಬಂದಾಗ ಆ ಉದ್ದನೆಯ ಭಾಗವೊಂದನ್ನು ನನಗಾಗಿ ನುಡಿಸು. ಒಂದೇ ಕುರ್ಚಿ ಹಾಕು, ನಿನಗೆ. ನನಗೆ ನಿಂತು ಅಭ್ಯಾಸವಾಗಿದೆ.